ನಾರ್ವೆಯ ‘ಕ್ವೈಕ್’: ಒಂದು ಹೆಪ್ಪಿನ ರುಚಿ ಮತ್ತು ಲೆಕ್ಕ

ನಾರ್ವೆ ದೇಶದ ಪಶ್ಚಿಮ ಭಾಗದಲ್ಲಿರುವ ವೊಸ್ ಪ್ರದೇಶದ ರೈತರು ತಮ್ಮ ಮನೆಗಳಲ್ಲಿ ತಯಾರಿಸುವ ಬಿಯರನ್ನು ಗಾಜಿನ ಲೋಟಕ್ಕೆ ಸುರಿದು ಮೂಗಿನ ಬಳಿ ಹಿಡಿದಾಗ ಮೊದಲು ಗಮನಕ್ಕೆ ಬರುವುದು ಕಿತ್ತಳೆಯ ಪರಿಮಳ. ಅದು ಹಣ್ಣಿನ ರಸದ ವಾಸನೆಯಲ್ಲ. ಸಿಪ್ಪೆಯನ್ನು ಬೆರಳುಗಳ ನಡುವೆ ಹಿಚುಕಿದಾಗ ಏಳುವ, ತುಸು ಘಾಟು ಬೆರೆತ ವಾಸನೆ. ಮೊದಲ ಬಾರಿಗೆ ರುಚಿ ನೋಡಿದವರು ಇದಕ್ಕೆ ಕಿತ್ತಳೆ ಸಿಪ್ಪೆಯನ್ನೋ ಎಸೆನ್ಸನ್ನೋ ಸೇರಿಸಿರಬೇಕೆಂದು ಭಾವಿಸುವುದು ಸಹಜ. ಆದರೆ ಅದರಲ್ಲಿ ಇರುವುದು ಜವೆಗೋಧಿಯ ಮಾಲ್ಟ್, ನೀರು, ಜೂನಿಪರ್ ಎಂಬ ನಿತ್ಯಹಸಿರು ಪೊದೆಯ ಕೊಂಬೆಗಳು, ಸ್ವಲ್ಪ ಹಾಪ್ಸ್ ಹೂ ಮತ್ತು ಯೀಸ್ಟ್ ಮಾತ್ರ. ಕಿತ್ತಳೆಯ ಪರಿಮಳ ಯೀಸ್ಟಿನ ಕೆಲಸ.

ಆ ಯೀಸ್ಟಿಗೆ ಸ್ಥಳೀಯರು ‘ಕ್ವೈಕ್’ ಎನ್ನುತ್ತಾರೆ. ಪಶ್ಚಿಮ ನಾರ್ವೆಯ ಆಡುನುಡಿಯಲ್ಲಿ ಯೀಸ್ಟಿಗೆ ಇರುವ ಹೆಸರೇ ಅದು. ‘ಜೀವಂತ’ ಎಂಬ ಅರ್ಥದ ಹಳೆಯ ನಾರ್ಸ್ ಪದಕ್ಕೆ ಅದು ಬಂಧು. ಶತಮಾನಗಳಿಂದ ರೈತ ಕುಟುಂಬಗಳ ಉಗ್ರಾಣಗಳಲ್ಲಿ ಉಳಿದುಬಂದ ಈ ಯೀಸ್ಟ್ ಇಂದು ಪೊಟ್ಟಣಗಳಲ್ಲಿ ಮಾರಾಟವಾಗುತ್ತಿದ್ದು, ಉತ್ತರ ಅಮೆರಿಕ ಮತ್ತು ಯೂರೋಪಿನ ಸಣ್ಣ ಬಿಯರ್ ತಯಾರಕರ ಕಚ್ಚಾವಸ್ತುಗಳ ಪಟ್ಟಿಯನ್ನು ಸೇರಿದೆ. ಬಿಯರ್ ಸೇವನೆಯ ಅಭ್ಯಾಸವಿಲ್ಲದ ಓದುಗರಿಗೂ ಈ ವಿಷಯ ಪ್ರಸ್ತುತವೇ. ವೆಚ್ಚಪಟ್ಟಿಯಲ್ಲಿ ಅತ್ಯಲ್ಪ ಪಾಲು ಪಡೆಯುವ ಒಂದು ವಸ್ತು ಸರಕಿನ ಗುಣವನ್ನೂ ಉತ್ಪಾದನೆಯ ಅವಧಿಯನ್ನೂ ಹೇಗೆ ನಿರ್ಧರಿಸುತ್ತದೆ, ಅದರ ಆದಾಯ ಕೊನೆಗೆ ಯಾರ ಖಾತೆಗೆ ಜಮೆಯಾಗುತ್ತದೆ ಎಂಬುದು ದೋಸೆ ಹಿಟ್ಟಿನ ಘಟಕ, ಬೇಕರಿ, ಡೇರಿ ನಡೆಸುವವರಿಗೂ ಸಂಬಂಧಿಸಿದ ಪ್ರಶ್ನೆಯಾಗಿದೆ.

ಅಸಾಮಾನ್ಯತೆ ಎಲ್ಲಿದೆ?

ಯೀಸ್ಟ್ ಒಂದು ಏಕಕೋಶ ಶಿಲೀಂಧ್ರ. ಮಾಲ್ಟಿನಿಂದ ತೆಗೆದ ಸಿಹಿ ರಸದಲ್ಲಿರುವ ಸಕ್ಕರೆಯನ್ನು ಅದು ಮದ್ಯಸಾರ ಹಾಗೂ ಇಂಗಾಲದ ಡೈಆಕ್ಸೈಡ್ ಆಗಿ ಪರಿವರ್ತಿಸುತ್ತದೆ. ಇದೇ ಸಂದರ್ಭದಲ್ಲಿ ಎಸ್ಟರ್ ಮೊದಲಾದ ಸುವಾಸನೆಯ ಸಂಯುಕ್ತಗಳೂ ಉಂಟಾಗುತ್ತವೆ. ಒಂದೇ ಮಾಲ್ಟ್, ಒಂದೇ ನೀರು ಬಳಸಿದರೂ ಯೀಸ್ಟ್ ಬದಲಾದರೆ ಬಿಯರ್ ಬದಲಾಗುವುದು ಈ ಕಾರಣದಿಂದ.

ಪೇಟೆಯಲ್ಲಿ ಹೆಚ್ಚಾಗಿ ದೊರೆಯುವ ಲಾಗರ್ ಬಿಯರಿನ ಯೀಸ್ಟ್ ಸುಮಾರು 8ರಿಂದ 12 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ನಿಧಾನವಾಗಿ ಕೆಲಸ ಮಾಡುತ್ತದೆ. ಏಲ್ ಎಂಬ ಇನ್ನೊಂದು ವರ್ಗದ ಯೀಸ್ಟಿಗೆ ಸುಮಾರು 18ರಿಂದ 22 ಡಿಗ್ರಿ ಹಿತ. ಅದಕ್ಕಿಂತ ಬಹಳ ಬಿಸಿಯಾದರೆ ಸಾಮಾನ್ಯ ಏಲ್ ಯೀಸ್ಟ್ ಒರಟಾದ, ತಲೆಗೇರುವ ಮದ್ಯಸಾರಗಳನ್ನೂ ದ್ರಾವಕದಂತಹ ವಾಸನೆಯನ್ನೂ ಉಂಟುಮಾಡಿ ಸರಕನ್ನು ಕೆಡಿಸುತ್ತದೆ. ವೊಸ್‌ನ ರೈತನಾದರೋ ಕೈಗೆ ಬಿಸಿ ತಾಗುವ, 40 ಡಿಗ್ರಿಗೆ ಸಮೀಪದ ರಸಕ್ಕೆ ಕ್ವೈಕನ್ನು ಹಾಕುತ್ತಾನೆ. ಎರಡು ಮೂರು ದಿನಗಳಲ್ಲಿ ಹುದುಗುವಿಕೆ ಮುಗಿಯುತ್ತದೆ. ಒರಟು ರುಚಿ ಬರುವುದಿಲ್ಲ. ಬಿಯರ್ ಶಾಸ್ತ್ರದ ಪಠ್ಯಗಳನ್ನು ಓದಿಕೊಂಡ ಪರಿಣತರು ಈ ವಿವರವನ್ನು ಆರಂಭದಲ್ಲಿ ನಂಬದೇ ಹೋದದ್ದರಲ್ಲಿ ಆಶ್ಚರ್ಯವಿಲ್ಲ.

ರುಚಿ ನೋಡುವ ಕ್ರಮ

ಇಂತಹ ಬಿಯರನ್ನು ಮಂಜಿನಂತೆ ತಣ್ಣಗೆ ಮಾಡಿ ಕುಡಿದರೆ ಅದರ ವಿಶೇಷವೇ ತಿಳಿಯದು. ಅತಿ ತಂಪು ನಾಲಗೆಯನ್ನು ಮರಗಟ್ಟಿಸುತ್ತದೆ, ಸುವಾಸನೆಯನ್ನು ದ್ರವದೊಳಗೇ ಹಿಡಿದಿಡುತ್ತದೆ. ಆದುದರಿಂದ 10 ಡಿಗ್ರಿಗಿಂತ ಸ್ವಲ್ಪ ಮೇಲಿರುವಾಗ, ಬಾಯಿ ಕಿರಿದಾಗಿರುವ ಲೋಟದಲ್ಲಿ ಅರ್ಧದಷ್ಟು ಸುರಿದು, ಮೊದಲು ಮೂಸಿ, ಅನಂತರ ಸಣ್ಣ ಗುಟುಕು ತೆಗೆದುಕೊಳ್ಳುವುದು ಕ್ರಮ. ಚಹಾ ಮತ್ತು ಕಾಫಿ ವ್ಯಾಪಾರದಲ್ಲಿರುವವರಿಗೆ ಇದು ಹೊಸದೇನಲ್ಲ. ಮಾದರಿ ಬಟ್ಟಲುಗಳ ಮುಂದೆ ಅವರು ಅನುಸರಿಸುವ ಶಿಸ್ತೇ ಇಲ್ಲಿಯೂ ಸಲ್ಲುತ್ತದೆ.

ವೊಸ್‌ನ ಸಾಂಪ್ರದಾಯಿಕ ಬಿಯರಿಗೆ ಬಳಸುವ ರಸವನ್ನು ಮೂರು ನಾಲ್ಕು ಗಂಟೆ ಕುದಿಸುವುದರಿಂದ ಅದಕ್ಕೆ ತಾಮ್ರದ ಬಣ್ಣವೂ ಕಾಯಿಸಿದ ಸಕ್ಕರೆಯ ಛಾಯೆಯೂ ಬರುತ್ತವೆ. ನೊರೆ ಕಡಿಮೆ, ಗುಳ್ಳೆಗಳೂ ಕಡಿಮೆ. ನಾಲಗೆಯ ಮೇಲೆ ಮೊದಲು ಮಾಲ್ಟಿನ ಸಿಹಿ, ನಡುವೆ ಕಿತ್ತಳೆ, ಕೊನೆಗೆ ಜೂನಿಪರಿನ ರಾಳದಂತಹ ಒಗರು. ಹೋರ್ನಿಂದಾಲ್ ಎಂಬ ಇನ್ನೊಂದು ಕಡೆಯ ಕ್ವೈಕಿನಲ್ಲಿ ಕಿತ್ತಳೆಗಿಂತ ಅನಾನಸಿನಂತಹ ಉಷ್ಣವಲಯದ ಹಣ್ಣುಗಳ ನೆನಪು ಬರುತ್ತದೆ. ಅಲ್ಲಿ ರಸವನ್ನು ಕುದಿಸದೆಯೇ ಹುದುಗಿಸುವ ಪದ್ಧತಿ ಇರುವುದರಿಂದ ಬಿಯರ್ ದಪ್ಪವಾಗಿ, ಧಾನ್ಯದ ಹಸಿ ರುಚಿಯನ್ನು ಉಳಿಸಿಕೊಂಡಿರುತ್ತದೆ. ಒಂದು ಕಣಿವೆಯಿಂದ ಮತ್ತೊಂದು ಕಣಿವೆಗೆ ರುಚಿ ಬೇರೆ. ನಮ್ಮಲ್ಲಿ ಊರೂರಿಗೆ ಸಾರಿನ ಪುಡಿ ಬೇರೆಯಾಗುವಂತೆ.

ರುಚಿ ನೋಡುವಾಗ ಇಲ್ಲದ ಗುಣವನ್ನೂ ಗುರುತಿಸಬೇಕಾಗುತ್ತದೆ. ಕಾಡು ಯೀಸ್ಟುಗಳು ಹುದುಗಿಸಿದ ಬಿಯರಿನಲ್ಲಿ ಲವಂಗದ ಅಥವಾ ಔಷಧದಂಗಡಿಯ ವಾಸನೆ ಸಾಮಾನ್ಯ. ಕ್ವೈಕ್ ಯೀಸ್ಟುಗಳಲ್ಲಿ ಬಹುಪಾಲು ಈ ವಾಸನೆಯನ್ನು ಉಂಟುಮಾಡುವುದಿಲ್ಲ. ಇದು ಕಾಡಿನಿಂದ ಹಾರಿಬಂದು ಪಾತ್ರೆಗೆ ಬಿದ್ದ ಯೀಸ್ಟ್ ಅಲ್ಲ, ತಲೆಮಾರುಗಳ ಆಯ್ಕೆಯಿಂದ ಪಳಗಿದ ಯೀಸ್ಟ್ ಎಂಬುದಕ್ಕೆ ಇದೇ ಮುಖ್ಯ ಗುರುತು. ಕೆಟ್ಟ ಬಿಯರ್ ಕೊಟ್ಟ ಯೀಸ್ಟನ್ನು ರೈತ ಎಸೆದು, ಒಳ್ಳೆಯದು ಕೊಟ್ಟ ಮನೆಯಿಂದ ತಂದುಕೊಂಡ. ಪ್ರಯೋಗಾಲಯವಿಲ್ಲದ ಗುಣಮಟ್ಟ ನಿಯಂತ್ರಣವೆಂದರೆ ಇದು. ಹುದುಗಿದ ಬಿಯರನ್ನು ಪೀಪಾಯಿಗೆ ಬಗ್ಗಿಸುವ ದಿನ ನೆರೆಹೊರೆಯವರನ್ನು ಕರೆದು ರುಚಿ ತೋರಿಸುವ ‘ಒಪ್‌ಸ್ಕೋಕೆ’ ಎಂಬ ಪದ್ಧತಿ ಅಲ್ಲಿದೆ. ನೆರೆಯವರ ಮುಖಭಾವವೇ ಪರೀಕ್ಷಾ ವರದಿ.

ಉಗ್ರಾಣದಿಂದ ಪೊಟ್ಟಣಕ್ಕೆ

ಒಂದು ಸಲದ ಬಿಯರಿನ ತಳದಲ್ಲೋ ನೊರೆಯಲ್ಲೋ ಉಳಿದ ಯೀಸ್ಟನ್ನು ಬಟ್ಟೆಯ ಮೇಲೆ ಹರಡಿ ಅಥವಾ ಮರದ ತುಂಡುಗಳನ್ನು ಪೋಣಿಸಿ ಮಾಡಿದ ಬಳೆಯಾಕಾರದ ಹಾರವನ್ನು ಅದರಲ್ಲಿ ಅದ್ದಿ ಒಣಗಿಸಿ ತೂಗುಹಾಕುವುದು ಅಲ್ಲಿನ ಹಳೆಯ ಕ್ರಮ. ಒಣಗಿದ ಯೀಸ್ಟ್ ಒಂದು ವರ್ಷಕ್ಕೂ ಮೀರಿ ಜೀವ ಹಿಡಿದಿರುತ್ತದೆ. ಯಾವುದೋ ಕಾರಣದಿಂದ ಅದು ಸತ್ತರೆ ಪಕ್ಕದ ಮನೆಯಿಂದ ಕೇಳಿ ತರುವುದು. ಹೆಪ್ಪು ತೀರಿದಾಗ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುವ ನಮ್ಮ ಅಡುಗೆಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೆಪ್ಪಿಗೆ ಬೆಲೆ ಕಟ್ಟುವವರಿಲ್ಲ. ಕೊಟ್ಟವರಿಗೂ ನಾಳೆ ಅದು ಬೇಕಾಗಬಹುದು. ಕೊಡುವುದೇ ಕಾಯ್ದಿಡುವ ವಿಧಾನ. ವಾಣಿಜ್ಯ ಪರಿಭಾಷೆಯಲ್ಲಿ ಹೇಳುವುದಾದರೆ, ಪ್ರತಿ ನೆರೆಮನೆಯೂ ಪ್ರೀಮಿಯಂ ಇಲ್ಲದ ವಿಮಾ ಸಂಸ್ಥೆ.

ಇಲ್ಲಿ ಒಂದು ಕುತೂಹಲದ ವಿಷಯ. ಮಧ್ಯಯುಗದಲ್ಲಿ ಪಶ್ಚಿಮ ನಾರ್ವೆಯಲ್ಲಿ ಜಾರಿಯಲ್ಲಿದ್ದ ಗುಲಾತಿಂಗ್ ಕಾನೂನಿನ ಪ್ರಕಾರ ಕ್ರಿಸ್ಮಸ್ ಮೊದಲಾದ ಹಬ್ಬಗಳಿಗೆ ಬಿಯರ್ ತಯಾರಿಸುವುದು ರೈತನ ಕರ್ತವ್ಯವಾಗಿತ್ತು. ತಪ್ಪಿದವರಿಗೆ ದಂಡ, ಮೂರು ವರ್ಷ ಸತತವಾಗಿ ತಪ್ಪಿದರೆ ಆಸ್ತಿಯ ಮುಟ್ಟುಗೋಲು, ಅದರಲ್ಲಿ ಅರ್ಧ ರಾಜನಿಗೆ, ಅರ್ಧ ಬಿಷಪ್‌ಗೆ. ಪರವಾನಗಿ ಇಲ್ಲದೆ ತಯಾರಿಸಿದರೆ ದಂಡ ವಿಧಿಸುವ ಅಬಕಾರಿ ಕಾನೂನುಗಳನ್ನಷ್ಟೇ ಬಲ್ಲ ಇಂದಿನ ಉದ್ಯಮಿಗೆ, ತಯಾರಿಸದಿದ್ದುದಕ್ಕೆ ದಂಡ ತೆರಬೇಕಾಗಿದ್ದ ಆ ಕಾಲ ವಿಚಿತ್ರವೆನಿಸದೆ ಇರದು.

ಈ ಪರಂಪರೆ ಬಹುತೇಕ ನಶಿಸಿದ್ದು ಬಡತನದಿಂದಲ್ಲ, ಅನುಕೂಲದಿಂದ. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸುವ ವಿಧಾನವನ್ನು ಬಿಯರ್ ಉದ್ಯಮಕ್ಕೆ ತಂದರು. ಕಾರ್ಲ್ಸ್‌ಬರ್ಗ್ ಆ ಯೀಸ್ಟನ್ನು ತನ್ನಲ್ಲೇ ಬಚ್ಚಿಡದೆ ಇತರ ತಯಾರಕರಿಗೂ ಉಚಿತವಾಗಿ ನೀಡಿತು ಎಂಬುದನ್ನು ಇಲ್ಲಿ ಸ್ಮರಿಸಬೇಕು. ಕ್ರಮೇಣ ಯೀಸ್ಟ್ ಅಂಗಡಿಯಲ್ಲಿ ಸಿಗುವ ಸಿದ್ಧವಸ್ತುವಾಯಿತು. ನಾರ್ವೆಯ ಹಳ್ಳಿಗಳಲ್ಲಿಯೂ ಮನೆಯ ಯೀಸ್ಟನ್ನು ಕಾಯುವ ಗೋಜನ್ನು ಬಿಟ್ಟು ಅಂಗಡಿಯ ಬ್ರೆಡ್ ಯೀಸ್ಟನ್ನು ತರುವುದು ರೂಢಿಗೆ ಬಂತು. ಕೆಲವೇ ಕಣಿವೆಗಳಲ್ಲಿ, ಕೆಲವೇ ಮನೆಗಳಲ್ಲಿ ಕ್ವೈಕ್ ಉಳಿಯಿತು.

ಹಾಗೆ ಉಳಿಸಿದವರಲ್ಲಿ ವೊಸ್‌ನ ಸಿಗ್ಮುಂಡ್ ಯೆರ್ನೆಸ್ ಒಬ್ಬರು. ವೃತ್ತಿಯಿಂದ ಸಾಫ್ಟ್‌ವೇರ್ ಇಂಜಿನಿಯರಾದ ಲಾರ್ಸ್ ಮಾರಿಯುಸ್ ಗಾರ್ಶೋಲ್ ಇಂತಹ ಮನೆಗಳನ್ನು ಹುಡುಕಿಕೊಂಡು ಹೋಗಿ, ತಯಾರಿಕಾ ಕ್ರಮವನ್ನು ದಾಖಲಿಸಿ, ಮಾದರಿಗಳನ್ನು ಸಂಗ್ರಹಿಸಿ ಪರೀಕ್ಷೆಗೆ ಕಳುಹಿಸಿದರು. 2018ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ಗಾರ್ಶೋಲ್ ಅವರೊಡಗೂಡಿ ಪ್ರಕಟಿಸಿದ ಪ್ರಬಂಧವು ಕ್ವೈಕ್ ಯೀಸ್ಟುಗಳು ಇತರ ಬಿಯರ್ ಯೀಸ್ಟುಗಳಿಗಿಂತ ತಳೀಯವಾಗಿ ಪ್ರತ್ಯೇಕವಾದ ಗುಂಪೆಂದು ತೋರಿಸಿತು. ರೈತರ ಮಾತನ್ನು ನಂಬದವರು ಪ್ರಬಂಧವನ್ನು ನಂಬಿದರು.

ಮುಂದಿನದು ವ್ಯಾಪಾರ. ಅಮೆರಿಕ ಮತ್ತು ಕೆನಡಾದ ಯೀಸ್ಟ್ ತಯಾರಕರು ದ್ರವರೂಪದ ಕ್ವೈಕನ್ನು ಮಾರುಕಟ್ಟೆಗೆ ತಂದರು. 2020ರಲ್ಲಿ ಮಾಂಟ್ರಿಯಲ್‌ನ ಲಾಲಮಾಂಡ್ ಸಂಸ್ಥೆ ಯೆರ್ನೆಸ್ ಅವರ ಯೀಸ್ಟಿನಿಂದ ಪಡೆದ ತಳಿಯನ್ನು ಒಣ ಪುಡಿಯ ರೂಪದಲ್ಲಿ ಪೊಟ್ಟಣಕ್ಕಿಳಿಸಿತು. ಸಂಸ್ಥೆಯ ತಾಂತ್ರಿಕ ಪತ್ರದ ಪ್ರಕಾರ ಅದರ ಬಳಕೆಯ ಮಿತಿ 25ರಿಂದ 40 ಡಿಗ್ರಿ, ಉತ್ತಮ ಫಲಕ್ಕೆ 35ರಿಂದ 40 ಡಿಗ್ರಿ. ಯೆರ್ನೆಸ್ ಅದನ್ನು ಉದಾರವಾಗಿ ಹಂಚಿದ್ದನ್ನೂ ಅದೇ ಪತ್ರ ನೆನೆದಿದೆ.

ಟ್ಯಾಂಕಿನ ಲೆಕ್ಕ

ಸಣ್ಣ ಬಿಯರ್ ಘಟಕದ ಮುಖ್ಯ ಬಂಡವಾಳ ಹುದುಗುವ ಟ್ಯಾಂಕುಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಟ್ಯಾಂಕಿನಲ್ಲಿ ಸರಕು ಎಷ್ಟು ದಿನ ನಿಲ್ಲುತ್ತದೆಯೋ ಅಷ್ಟು ದಿನ ಬಡ್ಡಿ, ಬಾಡಿಗೆ, ಸವಕಳಿ ಓಡುತ್ತಲೇ ಇರುತ್ತವೆ. ಊಹಿತ ಅಂಕಿಗಳ ಒಂದು ಉದಾಹರಣೆ ತೆಗೆದುಕೊಳ್ಳಬಹುದು. 1,000 ಲೀಟರಿನ ಒಂದು ಟ್ಯಾಂಕ್, ವರ್ಷಕ್ಕೆ 336 ಕೆಲಸದ ದಿನಗಳು, ಆ ಟ್ಯಾಂಕಿಗೆ ಹಂಚಿಕೆಯಾಗುವ ಸ್ಥಿರ ವೆಚ್ಚ 4,80,000 ರೂಪಾಯಿ. ಸಾಮಾನ್ಯ ಏಲ್ ಯೀಸ್ಟಿನಿಂದ ಹುದುಗಲು 7 ದಿನ, ಮಾಗಿ ತಿಳಿಯಾಗಲು 6 ದಿನ, ಶುಚಿಗೆ 1 ದಿನ, ಒಟ್ಟು 14 ದಿನ. ವರ್ಷಕ್ಕೆ 24 ಸರದಿ, 24,000 ಲೀಟರ್, ಲೀಟರಿಗೆ ಸ್ಥಿರ ವೆಚ್ಚ 20 ರೂಪಾಯಿ. ಕ್ವೈಕಿನಿಂದ ಇದೇ ಕೆಲಸ 3, 4 ಮತ್ತು 1, ಒಟ್ಟು 8 ದಿನಗಳಲ್ಲಿ ಮುಗಿದರೆ 42 ಸರದಿ, 42,000 ಲೀಟರ್, ಲೀಟರಿಗೆ 11 ರೂಪಾಯಿ 43 ಪೈಸೆ. ಯೀಸ್ಟಿನ ಪೊಟ್ಟಣದ ಬೆಲೆಯಲ್ಲಿ ಹತ್ತಿಪ್ಪತ್ತು ರೂಪಾಯಿ ಚೌಕಾಸಿ ಮಾಡುವ ಖರೀದಿ ವಿಭಾಗದ ಗಮನಕ್ಕೆ ಈ ಉಳಿತಾಯ ಬರುವುದೇ ಇಲ್ಲ, ಏಕೆಂದರೆ ಅದು ಯೀಸ್ಟಿನ ಖಾತೆಯಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಎರಡನೆಯದು ತಂಪಿನ ವೆಚ್ಚ. ಹುದುಗುವಾಗ ದ್ರವ ತಾನೇ ಬಿಸಿಯಾಗುತ್ತದೆ. ಕಲಬುರಗಿಯ ಬೇಸಿಗೆ ಇರಲಿ, ಬೆಂಗಳೂರಿನ ಏಪ್ರಿಲ್ ತಿಂಗಳಲ್ಲಿಯೂ ಟ್ಯಾಂಕನ್ನು 20 ಡಿಗ್ರಿಯಲ್ಲಿ ಹಿಡಿದಿಡಲು ಶೀತಲ ಯಂತ್ರ ಹಗಲಿರುಳು ಓಡಬೇಕು. 35 ಡಿಗ್ರಿಯಲ್ಲಿ ಸುಖವಾಗಿರುವ ಯೀಸ್ಟಿಗೆ ಆ ಹಂತದಲ್ಲಿ ಇಷ್ಟು ವಿದ್ಯುತ್ ಬೇಡ. ಚಳಿದೇಶದ ಯೀಸ್ಟೊಂದು ಬಿಸಿಲ ನಾಡಿಗೆ ಹೊಂದುವುದು ವಿಪರ್ಯಾಸವೇ ಸರಿ.

ಆದರೆ ಈ ಲೆಕ್ಕವನ್ನು ಪೂರ್ತಿ ನಂಬಿ ಸಾಲದ ಅರ್ಜಿ ಬರೆಯುವುದು ಜಾಣತನವಲ್ಲ. ಹೆಚ್ಚುವರಿ 18,000 ಲೀಟರಿಗೆ ಗಿರಾಕಿ ಇದ್ದರೆ ಮಾತ್ರ ಲೀಟರಿನ ವೆಚ್ಚ ಇಳಿದೀತು. ವಾರಾಂತ್ಯದಲ್ಲಿ ಮಾತ್ರ ತುಂಬುವ ಪಬ್ಬಿನಲ್ಲಿ ಅಡಚಣೆ ಇರುವುದು ಟ್ಯಾಂಕಿನಲ್ಲಲ್ಲ, ಮೇಜುಗಳಲ್ಲಿ. ಮಾಗಿಸಲು, ಸಂಗ್ರಹಿಸಲು ತಂಪು ಬೇಕೇ ಬೇಕು. ಕ್ವೈಕಿಗೆ ಸಾರಜನಕದ ಪೋಷಕಾಂಶ ಇತರ ಯೀಸ್ಟುಗಳಿಗಿಂತ ಹೆಚ್ಚು ಬೇಕಾಗುವುದರಿಂದ, ತೆಳ್ಳಗಿನ ರಸದಲ್ಲಿ ಅದು ಅರ್ಧಕ್ಕೇ ಸೊರಗುವುದುಂಟು. ಎಲ್ಲಕ್ಕಿಂತ ಮುಖ್ಯವಾಗಿ, ಕಿತ್ತಳೆಯ ಪರಿಮಳ ಎಲ್ಲ ಬಗೆಯ ಬಿಯರಿಗೂ ಒಪ್ಪುವುದಿಲ್ಲ. ಗಿರಾಕಿ ಕೇಳಿದ್ದು ಸ್ವಚ್ಛ ಲಾಗರ್ ಆಗಿದ್ದು, ಘಟಕ ಕೊಟ್ಟದ್ದು ಹಣ್ಣಿನ ವಾಸನೆಯ ಏಲ್ ಆದರೆ ಉಳಿದ ಪೈಸೆಗಳು ಉಪಯೋಗಕ್ಕೆ ಬಾರವು. ಕಡಿಮೆ ಬಿಸಿಯಲ್ಲಿ ಹುದುಗಿಸಿ ಪರಿಮಳವನ್ನು ತಗ್ಗಿಸಬಹುದು, ನಿಜ. ಆಗ ವೇಗದ ಲಾಭವೂ ಅಷ್ಟೇ ತಗ್ಗುತ್ತದೆ.

ತೆರಿಗೆಯ ಅಂಶವನ್ನೂ ಗಮನಿಸಬೇಕು. ಮಾನವ ಸೇವನೆಯ ಮದ್ಯ 2017ರಲ್ಲಿ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ಹೊರಗಿದೆ. ಅದರ ಮೇಲಿನ ಅಬಕಾರಿ ಸುಂಕ ರಾಜ್ಯದ ಅಧಿಕಾರ. ಹೀಗಾಗಿ ಯೀಸ್ಟ್, ಮಾಲ್ಟ್, ಟ್ಯಾಂಕುಗಳ ಮೇಲೆ ತೆತ್ತ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ದೊರೆಯದೆ, ಅದು ವೆಚ್ಚಕ್ಕೇ ಸೇರುತ್ತದೆ. ಜಿಎಸ್‌ಟಿ ತಗಲುವ ತಿನಿಸಿಗಾಗಿ ಯೀಸ್ಟ್ ಕೊಂಡ ಬೇಕರಿಯ ಲೆಕ್ಕವನ್ನು ಬಿಯರ್ ಘಟಕಕ್ಕೆ ಅನ್ವಯಿಸುವಂತಿಲ್ಲ.

ಯಾರ ಸ್ವತ್ತು?

ಯೆರ್ನೆಸ್ ಅವರ ಉಗ್ರಾಣದಲ್ಲಿದ್ದ ಯೀಸ್ಟ್ ಯಾವ ಆಸ್ತಿ? ಲೆಕ್ಕಶಾಸ್ತ್ರದ ಬಳಿ ಇದಕ್ಕೆ ಸಿದ್ಧ ಉತ್ತರವಿಲ್ಲ. ಕೃಷಿಗೆ ಸಂಬಂಧಿಸಿದ ಭಾರತೀಯ ಲೆಕ್ಕ ಮಾನಕ 41 ಜೈವಿಕ ಆಸ್ತಿಯನ್ನು ಜೀವಂತ ಪ್ರಾಣಿ ಅಥವಾ ಸಸ್ಯ ಎಂದು ವ್ಯಾಖ್ಯಾನಿಸುತ್ತದೆ. ಯೀಸ್ಟ್ ಪ್ರಾಣಿಯೂ ಅಲ್ಲ, ಸಸ್ಯವೂ ಅಲ್ಲ. ಅಮೂರ್ತ ಆಸ್ತಿ ಎನ್ನೋಣವೆಂದರೆ, ತಲೆಮಾರುಗಳಿಂದ ಖರ್ಚಿಲ್ಲದೆ ಬಂದದ್ದಕ್ಕೆ ನಂಬಲರ್ಹ ವೆಚ್ಚವನ್ನು ನಿಗದಿಪಡಿಸುವಂತಿಲ್ಲ. ಆಸ್ತಿ-ಹೊಣೆ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಅದನ್ನು ಕೊಟ್ಟಾಗ ಯಾವ ಖಾತೆಯಲ್ಲಿಯೂ ನಷ್ಟ ಕಾಣಿಸಲಿಲ್ಲ. ಪೊಟ್ಟಣ ಮಾರಿದವರ ಪುಸ್ತಕದಲ್ಲಿ ಮಾತ್ರ ವರಮಾನ ಬರೆಯಲ್ಪಟ್ಟಿತು.

ಇದನ್ನು ಅನ್ಯಾಯವೆಂದು ತಕ್ಷಣ ತೀರ್ಮಾನಿಸುವುದೂ ಸರಿಯಲ್ಲ. ರೈತನ ಬಳಿ ಇದ್ದುದು ಹಲವು ತಳಿಗಳು ಬೆರೆತ, ಕೆಲವೊಮ್ಮೆ ಬ್ಯಾಕ್ಟೀರಿಯಾವೂ ಸೇರಿದ ಮಿಶ್ರಣ. ಅದರಿಂದ ಒಂದು ತಳಿಯನ್ನು ಬೇರ್ಪಡಿಸಿ, ಜೀವ ಕೆಡದಂತೆ ಒಣಗಿಸಿ, ಪ್ರತಿ ಪೊಟ್ಟಣವೂ ಒಂದೇ ಫಲ ಕೊಡುವಂತೆ ಮಾಡಿದ್ದು ನಿಜವಾದ ಶ್ರಮ, ನಿಜವಾದ ಬಂಡವಾಳ. ಗಿರಾಕಿ ಹಣ ಕೊಡುವುದು ಯೀಸ್ಟಿಗಿಂತ ಹೆಚ್ಚಾಗಿ ಆ ಭರವಸೆಗೆ. ಆದರೂ ತಲೆಮಾರುಗಳ ಆಯ್ಕೆಯ ಶ್ರಮಕ್ಕೆ ಒಂದು ಕೃತಜ್ಞತೆಯ ಸಾಲು ಸಾಕೇ ಎಂಬ ಪ್ರಶ್ನೆ ಉಳಿಯುತ್ತದೆ.

ಇನ್ನೊಂದು ದಾರಿಯೂ ಇತ್ತೆಂಬುದನ್ನು ಅರ್ಜೆಂಟೀನಾದ ಪ್ರಕರಣ ತೋರಿಸುತ್ತದೆ. ಲಾಗರ್ ಯೀಸ್ಟ್ ಎರಡು ಪ್ರಭೇದಗಳ ಮಿಶ್ರತಳಿ. ಅದರ ಒಂದು ಪೂರ್ವಜ ಪ್ರಭೇದವನ್ನು ಡಿಯೆಗೊ ಲಿಬ್‌ಕಿಂಡ್ ಮತ್ತು ಸಹೋದ್ಯೋಗಿಗಳು ಪ್ಯಾಟಗೋನಿಯಾದ ಬೀಚ್ ಮರಗಳಲ್ಲಿ ಗುರುತಿಸಿ 2011ರಲ್ಲಿ ಪ್ರಕಟಿಸಿದರು. ಆ ಯೀಸ್ಟಿನಿಂದ ಹೈನೆಕೆನ್ ಸಂಸ್ಥೆ ‘ಎಚ್41’ ಎಂಬ ಬಿಯರನ್ನು ಹೊರತಂದಿತು. 41 ಎಂಬುದು ದಕ್ಷಿಣ ಅಕ್ಷಾಂಶದ ಸೂಚಕ. ಇಲ್ಲಿ ಕಂಪನಿಯು ಅರ್ಜೆಂಟೀನಾದ ರಾಷ್ಟ್ರೀಯ ವಿಜ್ಞಾನ ಸಂಶೋಧನಾ ಮಂಡಳಿಯೊಡನೆ ಒಪ್ಪಂದ ಮಾಡಿಕೊಂಡಿತ್ತು. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ನಲ್ಲಿ 2021ರಿಂದ ಬಹುಪಾಲು ಷೇರು ಹೊಂದಿರುವುದು ಇದೇ ಹೈನೆಕೆನ್ ಎಂಬುದು ಸ್ಥಳೀಯ ಓದುಗರಿಗೆ ತಿಳಿದೇ ಇದೆ.

ಭಾರತದಲ್ಲಿ ಇದು ಕೇವಲ ಸೌಜನ್ಯದ ವಿಷಯವಾಗಿ ಉಳಿದಿಲ್ಲ. 2002ರ ಜೈವಿಕ ವೈವಿಧ್ಯ ಅಧಿನಿಯಮದ ‘ಜೈವಿಕ ಸಂಪನ್ಮೂಲ’ ಎಂಬ ಪದದಲ್ಲಿ ಸೂಕ್ಷ್ಮಜೀವಿಗಳೂ ಸೇರಿವೆ. ಸೇಂದಿಯಿಂದಲೋ ಹಿಪ್ಪೆ ಹೂವಿನಿಂದಲೋ ಒಂದು ಯೀಸ್ಟನ್ನು ಬೇರ್ಪಡಿಸಿ ವಾಣಿಜ್ಯ ಬಳಕೆಗೆ ತರಲು ಬಯಸುವ ದೇಶೀಯ ಸಂಸ್ಥೆ ರಾಜ್ಯ ಜೈವಿಕ ವೈವಿಧ್ಯ ಮಂಡಳಿಗೆ ಮುಂಚಿತವಾಗಿ ತಿಳಿಸಬೇಕಾಗುತ್ತದೆ. ವಿದೇಶಿ ಸಂಸ್ಥೆಯಾದರೆ ರಾಷ್ಟ್ರೀಯ ಪ್ರಾಧಿಕಾರದ ಪೂರ್ವಾನುಮತಿ ಬೇಕು. ದೇಶೀಯ ಕಂಪನಿಗಳೂ ಲಾಭ ಹಂಚಿಕೆಗೆ ಬಾಧ್ಯವೆಂದು 2018ರಲ್ಲಿ ಉತ್ತರಾಖಂಡ ಉಚ್ಚ ನ್ಯಾಯಾಲಯ ದಿವ್ಯ ಫಾರ್ಮಸಿ ಪ್ರಕರಣದಲ್ಲಿ ತೀರ್ಪಿತ್ತಿದೆ. 2023ರ ತಿದ್ದುಪಡಿಯ ನಂತರ ಭಾರತೀಯ ಅರ್ಜಿದಾರರು ಪೇಟೆಂಟ್ ದೊರೆಯುವ ಮುನ್ನ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ಇದ್ದ ಯೀಸ್ಟನ್ನು ಇದ್ದಂತೆಯೇ ಕಂಡುಹಿಡಿದುದಕ್ಕೆ ಪೇಟೆಂಟ್ ಕಾಯಿದೆಯಲ್ಲಿ ರಕ್ಷಣೆ ಇಲ್ಲವೆಂಬುದೂ ನೆನಪಿರಲಿ.

ಆದುದರಿಂದ ಸ್ವಂತ ಹೆಪ್ಪು, ಸ್ವಂತ ಹುದುಗು ಬಳಸುವ ಯಾವುದೇ ಘಟಕವು ಅದನ್ನು ಎಲ್ಲಿಂದ, ಯಾರಿಂದ, ಯಾವ ದಿನಾಂಕದಂದು, ಯಾವ ಮಾತಿನ ಮೇಲೆ ಪಡೆಯಿತು ಎಂಬುದನ್ನು ದಾಸ್ತಾನು ಪುಸ್ತಕದ ಶಿಸ್ತಿನಲ್ಲಿಯೇ ಬರೆದಿಡುವುದು ಒಳಿತು. ತಳಿಯೊಂದನ್ನು ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹಾಲಯದಂತಹ ಮಾನ್ಯತೆ ಪಡೆದ ಕಡೆ ಇರಿಸಲು ಅವಕಾಶವಿದೆ. ಟ್ಯಾಂಕಿಗೆ ವಿಮೆ ಮಾಡಿಸುವ ಉದ್ಯಮಿ ಟ್ಯಾಂಕಿನೊಳಗಿನ ಜೀವಕ್ಕೆ ಎರಡನೆಯ ಪ್ರತಿಯನ್ನೂ ಇಟ್ಟಿರುವುದಿಲ್ಲ. ವೊಸ್‌ನಲ್ಲಾದರೆ ಯೀಸ್ಟ್ ಸತ್ತ ದಿನ ಪಕ್ಕದ ಮನೆಯ ಬಾಗಿಲು ತಟ್ಟಬಹುದಿತ್ತು. ಕೈಗಾರಿಕಾ ವಸಾಹತಿನಲ್ಲಿ ಪಕ್ಕದ ಷೆಡ್ಡು ಪ್ರತಿಸ್ಪರ್ಧಿಯದು.